ಐವತ್ತರ ಗಾಜು

ಗಾಜಿನಜ್ಜನ ಅಂಗಡಿಗೆ ಯಾರೇ ಬರಲಿ, ಕಪಾಟಿನ ಬಾಗಿಲು ತೆರೆಯುವ ಮೊದಲು ಅವರು ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು.

"ಹೊಟ್ಟೆಗೋ, ಹುಚ್ಚಿಗೋ?"

ಕ್ಯಾಮೆರಾ ಹಿಡಿದು ಅನ್ನ ಸಂಪಾದಿಸುವವರು ಹೊಟ್ಟೆಯವರು. ರಜೆಯ ದಿನ ಹಕ್ಕಿ, ಹೂವು, ಅಕ್ಕನ ಮಗು ಅಂತ ತೆಗೆದು ಖುಷಿಪಡುವವರು ಹುಚ್ಚಿನವರು. ಹೊಟ್ಟೆಯವರಿಗೆ ಎಡಗಡೆಯ ಕಪಾಟು. ಅಲ್ಲಿರುವುದೆಲ್ಲ ತೂಕದ ಲೆನ್ಸುಗಳು. ಮಬ್ಬು ಮದುವೆ ಛತ್ರದಲ್ಲೂ ಬೆಳಕು ಹುಡುಕಿ ಕುಡಿಯುವಂಥವು, ದೂರ ನಿಂತೇ ಮುಖ ಹಿಡಿಯುವಂಥವು. "ಮದುಮಗಳಿಗೆ ಇನ್ನೊಂದ್ಸಲ ಅಳಮ್ಮ ಅನ್ನೋಕಾಗುತ್ತಾ? ಅತ್ತಾಗಲೇ ಹಿಡೀಬೇಕು. ಆ ಒಂದು ಗಳಿಗೆಗೇ ಇಷ್ಟು ಬೆಲೆ" ಅನ್ನುತ್ತಿದ್ದ ಅಜ್ಜ. ಹುಚ್ಚಿನವರಿಗೆ ಬಲಗಡೆಯ ಕಪಾಟು. ಅಂಗೈಯಲ್ಲಿ ಅಡಗುವ ಹಗುರ ಲೆನ್ಸುಗಳು, ಅದರಲ್ಲೂ ಐವತ್ತು ಮಿಲಿಮೀಟರಿನದು, ಅಜ್ಜನ ಬಾಯಲ್ಲಿ ಐವತ್ತರದು. ಹಿಂದೆ ಮುಂದೆ ಎಳೆಯುವ ಸೌಕರ್ಯ ಇಲ್ಲದ ಸಾದಾ ಗಾಜು. "ಹತ್ತಿರ ಬೇಕಾದ್ರೆ ಎರಡು ಹೆಜ್ಜೆ ನಡಿಯಪ್ಪ. ಕಾಲಿಗೇನು ಬಾಡಿಗೆ ಕೊಡ್ಬೇಕಾ?"

ಹುಚ್ಚಿನವರು ಹಟ ಹಿಡಿದು ಎಡಗಡೆಯದನ್ನು ಕೇಳಿದರೆ ಕೊಡುತ್ತಲೇ ಇರಲಿಲ್ಲ. ಬಂದ ವ್ಯಾಪಾರ ಬಾಗಿಲಲ್ಲೇ ತಿರುಗಿ ಹೋಗುವುದನ್ನು ನೋಡಿ ನೋಡಿ ಸೊಸೆಗೆ ಅಭ್ಯಾಸವಾಗಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಲ್ಲಾದ ಮುಂದೆ ಅವಳು, ಕಿಟಕಿಯ ಪಕ್ಕದ ಮೇಜಿನಲ್ಲಿ ಮಾವ. ಹಳೆಯ ಲೆನ್ಸು ಮಾರುವುದು ಅರ್ಧ ಕಸುಬಾದರೆ, ಗಾಜಿಗೆ ಹಿಡಿದ ಬೂಷ್ಟು ತೆಗೆಯುವುದು ಇನ್ನರ್ಧ. ತೇವದಲ್ಲಿಟ್ಟ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು ಬೆಳೆಯುತ್ತದೆ. ಅಜ್ಜ ಎರಡು ಮೊನೆಯ ಕೀಲಿಯಿಂದ, ಗಾಜನ್ನು ಹಿಡಿದಿಡುವ ಮುಂದಿನ ಬಳೆಯನ್ನು ತಿರುಗಿಸಿ, ಒಂದೊಂದೇ ಗಾಜು ಇಳಿಸಿ, ಒರೆಸಿ, ಮತ್ತೆ ಕೂರಿಸುತ್ತಿದ್ದ. ಕೂರಿಸುವ ಮುನ್ನ ಆ ಬಳೆಯ ಒಳಮೈಗೆ ಸೂಜಿಯಿಂದ ಒಂದು ಸಣ್ಣ ಗೀರು ಎಳೆಯುತ್ತಿದ್ದ. ಅದು ಅವನು ತನ್ನ ಗುರುವಿನಿಂದ ಕಲಿತದ್ದು.

"ಬಿಚ್ಚಿದವನ ಗೀರು ಒಳಗಿರಬೇಕು ಕಣಮ್ಮ. ನನ್ನ ತಪ್ಪು ಇನ್ನೊಬ್ಬನ ತಲೆಗೆ ಹೋಗಬಾರದು" ಅಂತ ಸೊಸೆಗೆ ಒಮ್ಮೆ ಹೇಳಿದ್ದ. ಅವಳು ಕೇಳಿ ಮರೆತಿದ್ದಳು.

ಮೊದಲು ಎಡವಟ್ಟಾದದ್ದು ಊಟದ ಮೇಜಿನಲ್ಲಿ. ಲೋಟಕ್ಕೆ ಹೊಯ್ದ ನೀರು ಲೋಟದ ಪಕ್ಕಕ್ಕೆ ಬೀಳತೊಡಗಿತು. ತಟ್ಟೆಯ ನಡುವೆ ನೊಣ ಕೂತಿದೆ ಅಂತ ಅಜ್ಜ ಕೈ ಬೀಸುತ್ತಿದ್ದ; ಅಲ್ಲಿ ನೊಣವೂ ಇಲ್ಲ, ಏನೂ ಇಲ್ಲ. ಮಾತಾಡುವಾಗ ಮುಖ ನೋಡದೆ ಕಿವಿಯ ಕಡೆ ನೋಡುತ್ತಿದ್ದ.

"ಅಜ್ಜ, ಕೋಳಿ ನೋಡಿದ ಹಾಗೆ ಓರೆಯಾಗಿ ನೋಡ್ತೀಯಲ್ಲ!" ಅಂತ ಮೊಮ್ಮಗಳು ನಕ್ಕಳು. ಹದಿನೇಳರ ಹುಡುಗಿ, ಮಾತು ಮುಗಿಯುವುದರೊಳಗೆ ಎದ್ದು ಓಡುವವಳು. ಮನೆಯಲ್ಲಿ ಅವಳನ್ನು ಚೂಟಿ ಅನ್ನುತ್ತಿದ್ದರು.

"ನಿನ್ನ ಮುಖ ನೇರ ನೋಡಿದ್ರೆ ಭಯ ಆಗುತ್ತೆ, ಅದಕ್ಕೆ" ಅಂದ ಅಜ್ಜ. ಎಲ್ಲರೂ ನಕ್ಕರು.

ಮೇಜಿಗೆ ಬಂದ ಗಾಜಿಗೆಲ್ಲ ಬೂಷ್ಟು ಕಾಣತೊಡಗಿದ್ದು ಆಮೇಲೆ. ಹೊಚ್ಚ ಹೊಸದರಂತಿದ್ದ ಲೆನ್ಸನ್ನೂ ದೀಪಕ್ಕೆ ಹಿಡಿದು "ನಡುಮಧ್ಯೆ ಇದೆ ನೋಡು" ಅನ್ನುತ್ತಿದ್ದ. ಸೊಸೆ ಒಂದೆರಡು ಸಲ ತಾನೂ ಹಿಡಿದು ನೋಡಿದಳು. ಏನೂ ಕಾಣಲಿಲ್ಲ. ಆದರೆ ನಲವತ್ತು ವರ್ಷ ಗಾಜಿನಲ್ಲಿ ಪಳಗಿದ ಕಣ್ಣೆಲ್ಲಿ, ಒಲೆಯ ಮುಂದೆ ಪಳಗಿದ ತನ್ನ ಕಣ್ಣೆಲ್ಲಿ ಅಂದುಕೊಂಡು ಸುಮ್ಮನಾದಳು. ಆ ಸುಮ್ಮನಾದದ್ದು ಅವಳನ್ನು ಮುಂದೆ ಬಹಳ ದಿನ ಚುಚ್ಚಿತು.

ಅವಳ ಗಂಡ ಮದುವೆ ಫೋಟೋ ತೆಗೆಯುವವನು. ಮದುವೆಗಳ ತಿಂಗಳು ಶುರುವಾಗುವ ಮುನ್ನ ಅವನು ವರ್ಷಗಳಿಂದ ಆಸೆಪಟ್ಟಿದ್ದ ಎಪ್ಪತ್ತು-ಇನ್ನೂರರ ದೊಡ್ಡ ಲೆನ್ಸನ್ನು ಯಾರದೋ ಕೈಯಿಂದ ಕೊಂಡು ತಂದ. ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ಅಪ್ಪನ ಮೇಜಿನ ಮೇಲಿಟ್ಟು, "ಒಂದ್ಸಲ ನೋಡಿಬಿಡಿ ಅಪ್ಪ. ನೀವು ಹ್ಞೂಂ ಅಂದ್ರೆ ಸಾಕು" ಅಂದ.

ಅಜ್ಜ ನೋಡಿದ. "ನಡುವೆ ಬೂಷ್ಟಿದೆ. ಬಿಟ್ಟು ಹೋಗು, ತೆಗೀತೀನಿ."

ಎರಡು ದಿನ ತೆಗೆದ. ಹೋಗಲಿಲ್ಲ ಅಂತ ಮತ್ತೂ ಉಜ್ಜಿದ.

ಆ ವಾರದ ಮದುವೆಯ ಫೋಟೋಗಳಲ್ಲಿ ಎಲ್ಲರ ಮುಖದ ಮೇಲೂ ಹಾಲು ಚೆಲ್ಲಿದಂತೆ ಮಂಜು. ಮದುಮಗಳ ಅಪ್ಪ ಮನೆಯ ಬಾಗಿಲಿಗೇ ಬಂದು ಬಾಯಿಗೆ ಬಂದಂತೆ ಅಂದು ಹೋದ. ಮಗ ಲೆನ್ಸನ್ನು ಪೇಟೆಯ ಆ ಬದಿಯ ರಿಪೇರಿಯವನ ಹತ್ತಿರ ಒಯ್ದ. ಸಂಜೆ ವಾಪಸು ಬಂದವನು ಕೈಕಾಲು ತೊಳೆಯದೆ ಊಟದ ಮೇಜಿಗೆ ಬಂದು ನಿಂತ. ಸೊಸೆ ಅನ್ನ ಬಡಿಸುತ್ತಿದ್ದಳು.

"ಅಪ್ಪ, ಅದರಲ್ಲಿ ಬೂಷ್ಟೇ ಇರಲಿಲ್ಲವಂತೆ."

"ಇತ್ತು. ನಾನೇ ನೋಡಿದ್ದೀನಿ."

"ಇರಲಿಲ್ಲ! ಇಲ್ಲದ್ದನ್ನ ಉಜ್ಜಿ ಉಜ್ಜಿ ಗಾಜಿನ ಲೇಪ ಕಿತ್ತುಹೋಗಿದೆ. ಅವನು ಬಿಚ್ಚಿ ತೋರಿಸಿದ. ಇದನ್ನ ಕೆಡಿಸಿದ ಪುಣ್ಯಾತ್ಮ ಯಾರು ಅಂತ ನನ್ನನ್ನೇ ಕೇಳಿದ. ಒಳಗೆ ಗೀರು ಇತ್ತು. ಒಂದೇ ಒಂದು ಗೀರು. ಏನಂತ ಹೇಳ್ಲಿ ನಾನು?"

ಅಜ್ಜ ಕಲಸಿದ ಅನ್ನವನ್ನು ತಟ್ಟೆಗೇ ಬಿಟ್ಟ. "ನಮ್ಮಪ್ಪ ಅಂತ ಹೇಳ್ಬೇಕಿತ್ತು. ಗೀರು ನಂದೇ."

"ಹೇಳಿದೆ. ಹೇಳಿ ತಲೆ ತಗ್ಗಿಸಿ ಬಂದೆ. ಅದನ್ನ ಕೊಳ್ಳೋಕೆ ಎಷ್ಟು ವರ್ಷ ಬೇಕಾಯ್ತು ಗೊತ್ತಲ್ಲ ನಿಮಗೆ? ಇನ್ಮೇಲೆ ದಯವಿಟ್ಟು ಯಾವ ಗಾಜನ್ನೂ ಮುಟ್ಟಬೇಡಿ. ನಂದೂ ಅಲ್ಲ, ಬೇರೆಯವರದೂ ಅಲ್ಲ."

"ರೀ, ಊಟದ ಹೊತ್ತು" ಅಂದಳು ಸೊಸೆ.

"ಇನ್ಯಾವ ಹೊತ್ತಿಗೆ ಹೇಳ್ಲಿ? ಎಲ್ಲಾ ಹಾಳಾದ ಮೇಲಾ?"

ಅಜ್ಜ ಎದ್ದು ಕೈ ತೊಳೆಯಲು ಹೋದ. ನಲ್ಲಿಯನ್ನು ಕೈಯಿಂದ ತಡವಿ ಹುಡುಕುವುದನ್ನು ಆ ದಿನ ಮೂವರೂ ನೋಡಿದರು. ಚೂಟಿ ಓಡಿಹೋಗಿ ನಲ್ಲಿ ತಿರುಗಿಸಿದಳು.

ಕಣ್ಣಿನ ಡಾಕ್ಟರರು ಬಹಳ ಹೊತ್ತು ನೋಡಿದರು. ಎರಡೂ ಕಣ್ಣಿನ ನಡುವಿನ ನೋಟ ಸವೆದುಹೋಗಿದೆ ಅಂದರು. ಅಂಚಿನ ನೋಟ ಉಳಿಯುತ್ತದೆ, ಓಡಾಡಲು ತೊಂದರೆಯಿಲ್ಲ. ಆದರೆ ಏನನ್ನು ನೇರವಾಗಿ ನೋಡಿದರೂ ಅದರ ನಡುವೆ ಒಂದು ಮಬ್ಬು ಕಲೆ ಕೂರುತ್ತದೆ. ಹೋದದ್ದು ಬರುವುದಿಲ್ಲ.

"ಎಲ್ಲಾ ಗಾಜಿನಲ್ಲೂ ಒಂದೇ ಜಾಗದಲ್ಲಿತ್ತು" ಅಂದ ಅಜ್ಜ ದಾರಿಯಲ್ಲಿ, ಸೊಸೆಯ ತೋಳು ಹಿಡಿದು. "ಅಷ್ಟು ವರ್ಷ ಬೂಷ್ಟು ನೋಡಿದವನು ನಾನು. ಎಲ್ಲಾದರೂ ಎರಡು ಗಾಜಿಗೆ ಒಂದೇ ಜಾಗದಲ್ಲಿ ಹಿಡಿಯುತ್ತಾ? ಅಷ್ಟೂ ಹೊಳೀಲಿಲ್ಲ ನನಗೆ."

ಸೊಸೆ ಅವನ ಕೈಯನ್ನು ತನ್ನ ತೋಳಿಗೆ ಇನ್ನಷ್ಟು ಒತ್ತಿಕೊಂಡಳು. ತನಗೂ ಕಾಣಲಿಲ್ಲ ಅಂತ ಅಂದೇ ಹೇಳಿದ್ದರೆ ಗಂಡನ ಲೆನ್ಸೂ ಉಳಿಯುತ್ತಿತ್ತು, ಮಾವನ ಮಾನವೂ ಉಳಿಯುತ್ತಿತ್ತು.

ಆಮೇಲಿನ ಹತ್ತು ದಿನ ಅಜ್ಜ ಮೇಜಿನ ಮುಂದೆ ಕೂರುವುದನ್ನು ಬಿಡಲಿಲ್ಲ. ಬೆಳಿಗ್ಗೆ ಹಳದಿ ಬಟ್ಟೆ ಹಾಸುತ್ತಿದ್ದ, ಅದರ ಮೇಲೆ ಕೀಲಿ, ಸೂಜಿ, ಗಾಳಿ ಊದುವ ರಬ್ಬರ್ ಬುಗ್ಗೆ, ಸ್ಪಿರಿಟ್ಟಿನ ಬಾಟಲಿ ಸಾಲಾಗಿ ಇಡುತ್ತಿದ್ದ, ಸಂಜೆ ಅದನ್ನೆಲ್ಲ ಎತ್ತಿಡುತ್ತಿದ್ದ. ನಡುವೆ ಎರಡೂ ಕೈಯನ್ನು ಬಟ್ಟೆಯ ಮೇಲೆ ಬೋರಲಾಗಿ ಇಟ್ಟು ಕೂತಿರುತ್ತಿದ್ದ. ಊಟಕ್ಕೆ ಕರೆದರೆ "ಹಸಿವಿಲ್ಲ ಕಣಮ್ಮ, ದುಡಿಯದ ಕೈಗೆ ತುತ್ತು ಭಾರ" ಅನ್ನುತ್ತಿದ್ದ. ಒಂದು ಹೊತ್ತಿನ ಅನ್ನ ಅರ್ಧಕ್ಕಿಳಿಯಿತು, ಅರ್ಧ ನಾಲ್ಕು ತುತ್ತಿಗಿಳಿಯಿತು. ಕುತ್ತಿಗೆಯ ಎಲುಬು ಎದ್ದು ಕಂಡಿತು.

ಹನ್ನೊಂದನೆಯ ದಿನ ಸೊಸೆ ಮಂಚದ ಕೆಳಗಿನ ಗುಜರಿ ಡಬ್ಬ ಎಳೆದಳು. ಸತ್ತ ಲೆನ್ಸುಗಳ ಡಬ್ಬ ಅದು. ಒಡೆದವು, ಹಲ್ಲು ಸವೆದವು, ಅರ್ಧ ಬಿಚ್ಚಿ ಬಿಟ್ಟವು. ಎಲ್ಲಾ ಭಾಗ ಸರಿಯಿದ್ದದ್ದು ಒಂದೇ ಒಂದು, ಬೂಷ್ಟು ಗಾಜಿನ ಅಂಚನ್ನು ತಿಂದುಹಾಕಿದ್ದ ಐವತ್ತರದು. ಅದನ್ನು ಒರೆಸಿ, ಒಂದು ಮುಚ್ಚಳ ಹಾಕಿ, ಗಿರಾಕಿ ಯಾರೆಂದು ಬರೆದ ಪಟ್ಟಿ ಅಂಟಿಸಿ ಮಾವನ ಮುಂದಿಟ್ಟಳು.

"ಮಾವ, ಅಂಚೆ ಕಚೇರಿಯ ಗುಮಾಸ್ತರೊಬ್ಬರು ಕೊಟ್ಟು ಹೋದ್ರು. ನಿಮ್ಮ ಕೈಯಲ್ಲೇ ಆಗಬೇಕಂತೆ."

ಅಜ್ಜನ ಕೈ ತಕ್ಷಣ ಮುಂದೆ ಬರಲಿಲ್ಲ. "ನನ್ನ ಕಣ್ಣಿನ ವಿಷಯ ಹೇಳಿದ್ಯಾ?"

"ಹೇಳಿದೆ. ನಿಮ್ಮ ಬೆರಳಿಗೂ ಕಣ್ಣಿದೆ ಅಂದ್ರು."

ಸುಳ್ಳನ್ನು ನಿಜದ ತಲೆಯ ಮೇಲೆ ಹೊಡೆದಂತೆ ಹೇಳಿದ್ದು ಅವಳಿಗೇ ಆಶ್ಚರ್ಯವಾಯಿತು.

"ಹೊಟ್ಟೆಗೋ, ಹುಚ್ಚಿಗೋ?"

"ಹುಚ್ಚಿಗೆ. ಮೋಡ ತೆಗೀತಾರಂತೆ."

"ಮೋಡನಾ!" ಅಜ್ಜ ನಕ್ಕ. ಆ ನಗು ಕೇಳಿ ಒಳಗೆ ಓದುತ್ತಿದ್ದ ಚೂಟಿ ಪುಸ್ತಕ ಬಿಟ್ಟು ಬಾಗಿಲಿಗೆ ಬಂದಳು. "ಮೋಡಕ್ಕೆ ಐವತ್ತು ಸಾಲದು ಅಂತ ಹೇಳು. ಅಗಲದ ಗಾಜು ಬೇಕು, ಇಡೀ ಆಕಾಶ ಹಿಡಿಯೋವಂಥದ್ದು. ಹಳೇದು ಕಡಿಮೇಲಿ ಸಿಗುತ್ತೆ." ಹೇಳುತ್ತಲೇ ಬೆರಳು ಬಳೆಯ ಸುತ್ತ ಓಡಿ, ಕೀಲಿ ಕೂರುವ ಎರಡು ತೂತನ್ನು ಹುಡುಕಿಕೊಂಡಿತ್ತು.

ಆ ಮಧ್ಯಾಹ್ನ ಅವನು ತಟ್ಟೆ ಖಾಲಿ ಮಾಡಿ ಇನ್ನೊಂದು ಸೌಟು ಬೇಳೆ ಕೇಳಿದ.

ಮರುದಿನ ಸೊಸೆ ಅದೇ ಲೆನ್ಸಿನ ಪಟ್ಟಿ ಕಿತ್ತು ಬೇರೆ ಪಟ್ಟಿ ಅಂಟಿಸಿದಳು. ಬೇರೆ ಮುಚ್ಚಳ ಹಾಕಿದಳು, ಹೊರಗಿನ ರಬ್ಬರ್ ಸುತ್ತನ್ನೂ ಬದಲಾಯಿಸಿದಳು. ಬೆರಳಿಗೆ ಬೂಷ್ಟಿನಂತೆ ತಗಲಲಿ ಅಂತ ಮುಂದಿನ ಗಾಜಿಗೆ ಒಂಚೂರು ಎಣ್ಣೆ ಹಚ್ಚಿ ಹಿಟ್ಟು ಉದುರಿಸಿದಳು. ಅವತ್ತಿನದು ಹೆರಿಗೆ ವಾರ್ಡಿನ ನರ್ಸಮ್ಮನ ಲೆನ್ಸು. ಆಗ ತಾನೇ ಹುಟ್ಟಿದ ಮಕ್ಕಳ ಮುಷ್ಟಿ ತೆಗೆಯುವುದು ಆ ನರ್ಸಮ್ಮನ ಹುಚ್ಚು.

"ಬರೀ ಮುಷ್ಟಿನಾ? ಮುಖ ಬೇಡವಾ?"

"ಮುಖ ಎಲ್ಲರೂ ತೆಗೀತಾರಂತೆ ಮಾವ."

ಅಜ್ಜ ಬಳೆ ಕಳಚಿ, ಅದನ್ನು ಬೆರಳುಗಳ ನಡುವೆ ಮೆಲ್ಲಗೆ ತಿರುಗಿಸಿದ. ಆಮೇಲೆ ಅಂದ, "ಒಳ್ಳೆ ಹೆಂಗಸು ಇರಬೇಕು."

ಹೀಗೆ ದಿನಕ್ಕೊಬ್ಬರು ಹುಟ್ಟಿದರು. ಪ್ರಯಾಣಿಕರ ನಾಯಿಗಳನ್ನು ತೆಗೆಯುವ ಬಸ್ ಡ್ರೈವರ್, ನೀರೊಳಗಿನ ಕಾಲು ತೆಗೆಯುವ ಈಜು ಕಲಿಸುವವಳು. ಅಡುಗೆ ಮಾಡುತ್ತ, ಬಟ್ಟೆ ಒಗೆಯುತ್ತ ಸೊಸೆ ನಾಳೆ ಯಾರು ಬರಬೇಕು ಅಂತ ಯೋಚಿಸುತ್ತಿದ್ದಳು. ಒಂದು ದಿನ ತಲೆ ಓಡದೆ ಕೂತಾಗ ಗುಟ್ಟು ತಿಳಿದಿದ್ದ ಚೂಟಿ ತಾನೇ ಒಳಗೆ ನುಗ್ಗಿದಳು.

"ಅಜ್ಜ, ಇದು ಹಲ್ಲಿನ ಡಾಕ್ಟರದು! ಹಲ್ಲು ತೆಗೀತಾರೆ, ಫೋಟೋನೂ ತೆಗೀತಾರೆ."

"ಹಾಗಾದ್ರೆ ಅವನು ಹೊಟ್ಟೆಯವನೋ ಹುಚ್ಚಿನವನೋ?"

"ಹಲ್ಲು ಹೊಟ್ಟೆಗೆ, ಫೋಟೋ ಹುಚ್ಚಿಗೆ."

"ಬೇರೆಯವರ ಹಲ್ಲಿಂದ ಹೊಟ್ಟೆ ಹೊರೆಯೋನು ಅವನೊಬ್ಬನೇ ನೋಡು" ಅಂದ ಅಜ್ಜ. "ಹಲ್ಲಿಗೆ ಐವತ್ತು ಯಾಕೆ? ಇರುವೆಯ ಮೀಸೆ ಎಣಿಸೋಷ್ಟು ಹತ್ತಿರ ಹೋದ್ರೂ ಸ್ಪಷ್ಟ ಹಿಡಿಯೋ ಗಾಜು ಬರುತ್ತೆ, ಅದು ತಗೊಳ್ಳೋಕೆ ಹೇಳು. ಅಲ್ಲಮ್ಮ, ಈ ಊರಲ್ಲಿ ಎಲ್ಲರಿಗೂ ಐವತ್ತೇ ಯಾಕೆ ಇಷ್ಟ ಆಗಿಬಿಟ್ಟಿದೆ?"

ಸೊಸೆ ಥಟ್ಟನೆ ನಡುವೆ ಬಾಯಿ ಹಾಕಿದಳು. "ನೀವೇ ಅಲ್ಲವಾ ಮಾವ ಎಲ್ಲರಿಗೂ ಅದನ್ನೇ ಮಾರಿದ್ದು?"

"ಅದೂ ಹೌದು. ಮಾಡಿದ್ದುಣ್ಣೋ ಮಹರಾಯ" ಅಂದು ಅಜ್ಜ ಕೆಲಸಕ್ಕೆ ಬಗ್ಗಿದ.

ಮೇಜಿನ ಮೂಲೆಯ ಡಬ್ಬಿಯಲ್ಲಿ ಕೂಲಿ ಹಾಕುವ ವಾಡಿಕೆಯಿತ್ತು. ಸೊಸೆ ದಿನವೂ ತರಕಾರಿಯ ದುಡ್ಡಿನಲ್ಲಿ ಒಂದಿಷ್ಟು ಉಳಿಸಿ ಗಿರಾಕಿ ಕೊಟ್ಟಿದ್ದು ಅಂತ ಅದಕ್ಕೆ ಹಾಕುತ್ತಿದ್ದಳು. ಎರಡನೆಯ ವಾರ ಊಟದ ಮೇಜಿನ ಮೇಲೆ ಬರೀ ಆಲೂಗಡ್ಡೆಯಾದಾಗ ಅಜ್ಜ ಎರಡು ತುತ್ತು ತಿಂದು ಹೇಳಿದ, "ಇನ್ಮೇಲೆ ಹೊಟ್ಟೆಯವರ ಗಾಜು ತಗೋಬೇಡಮ್ಮ. ನನ್ನ ಕೈಯಲ್ಲಿ ಅಷ್ಟು ಜವಾಬ್ದಾರಿ ಬೇಡ. ಹುಚ್ಚಿನವರದು ಮಾತ್ರ. ಅವರ ಹತ್ತಿರ ಕೂಲಿ ತಗೊಳ್ಳೋದೂ ಬೇಡ. ನರ್ಸಮ್ಮನ ಹತ್ತಿರ ಏನಂತ ತಗೊಳ್ಳೋದು?"

ವಯಸ್ಸಾದವರ ಮನಸ್ಸು, ಏನೋ ತೋಚಿರಬೇಕು ಅಂದುಕೊಂಡು ಸೊಸೆ ನೆಮ್ಮದಿಯ ಉಸಿರು ಬಿಟ್ಟಳು. ಮರುದಿನ ಹುರುಳಿಕಾಯಿ ತಂದಳು.

ಚೂಟಿಗೂ ಕ್ಯಾಮೆರಾದ ಗೀಳು ಅಂಟಿತ್ತು. ಅಪ್ಪ ಬಳಸಿ ಬಿಟ್ಟ ಹಳೆಯ ಕ್ಯಾಮೆರಾ ಅವಳದಾಗಿತ್ತು, ಲೆನ್ಸು ಇರಲಿಲ್ಲ.

"ಅಜ್ಜ, ಎಡಗಡೆ ಕಪಾಟಿನ ಆ ಉದ್ದದ್ದು ಕೊಡು."

"ಯಾಕೆ? ಎದುರುಮನೆಯವರ ಅಡುಗೆಮನೆ ನೋಡೋಕಾ?"

"ದೊಡ್ಡ ಫೋಟೋಗ್ರಾಫರ್ ಆಗೋಕೆ."

"ಉದ್ದದ್ದು ಹಿಡಿದವನು ದೂರ ನಿಲ್ಲೋದು ಕಲೀತಾನೆ. ನೀನು ಮೊದಲು ಹತ್ತಿರ ಹೋಗೋದು ಕಲಿ. ಎದುರಿನವರು ಬೈದ್ರೆ ಬೈಸ್ಕೋ. ಆಮೇಲೆ ನಿನ್ನ ಹೊಟ್ಟೆಗೆ ಬಂದಾಗ ಉದ್ದದ್ದು ಕೇಳು."

"ಹಾಗಾದ್ರೆ ಐವತ್ತರದಾದ್ರೂ ಕೊಡು."

"ಕೊಡ್ತೀನಿ. ಒಂದು ಗಾಜು ಮನಸ್ಸಲ್ಲಿದೆ. ಇನ್ನೂ ಕೆಲಸ ಮುಗಿದಿಲ್ಲ ಅದರದು."

ಅಡುಗೆಮನೆಯ ಕಪಾಟಿನಲ್ಲಿ ಉಪ್ಪಿನ ಡಬ್ಬದ ಹಿಂದೆ ಸೊಸೆ ಆ ಲೆನ್ಸನ್ನು ಬಚ್ಚಿಡುತ್ತಿದ್ದಳು, ಬದಲಿ ಮುಚ್ಚಳಗಳನ್ನೂ ಕಿತ್ತ ಪಟ್ಟಿಗಳನ್ನೂ ಜೊತೆಗೆ. ಐದನೆಯ ವಾರ ಗಂಡ ಉಪ್ಪಿಗೆ ಕೈ ಹಾಕಿದಾಗ ಅದು ಸಿಕ್ಕಿತು. ಬಾಡಿಗೆಯ ಲೆನ್ಸಿನಲ್ಲಿ ಮದುವೆ ಮುಗಿಸಿ ದಣಿದು ಬಂದಿದ್ದ. ಪಟ್ಟಿಗಳನ್ನು ಒಂದೊಂದಾಗಿ ಓದಿದ.

"ಏನಿದು? ಅಂಚೆ ಗುಮಾಸ್ತ, ನರ್ಸು, ಬಸ್ ಡ್ರೈವರ್... ಇದು ನಮ್ಮ ಗುಜರಿ ಡಬ್ಬದ್ದಲ್ವಾ?"

"ಮೆಲ್ಲಗೆ ಮಾತಾಡಿ."

"ಅಪ್ಪನಿಗೆ ಆಟದ ಸಾಮಾನು ಕೊಟ್ಟು ಕೂರಿಸಿದ್ದೀಯಾ? ಮಗು ಅತ್ತರೆ ಗಿಲಕಿ ಕೊಟ್ಟ ಹಾಗೆ?"

"ನೀವು ಅವರ ಕೈ ಕಟ್ಟಿ ಹಾಕಿದ್ರಿ. ನಾನು ಬಿಚ್ಚಿದೆ, ಅಷ್ಟೇ. ಈಗ ಊಟ ಮಾಡ್ತಿದ್ದಾರೆ, ನಿಮಗೆ ಕಾಣಲ್ವಾ?"

"ಗೊತ್ತಾದ ದಿನ ಏನಾಗುತ್ತೆ ಅಂತ ಯೋಚಿಸಿದ್ದೀಯಾ? ನಾನು ಹೊಡೆದದ್ದು ಒಂದೇ ಪೆಟ್ಟು. ನಿಂದು ದಿನಕ್ಕೊಂದು. ಎಲ್ಲಾ ಒಟ್ಟಿಗೆ ಬೀಳುತ್ತೆ ಅವರ ಮೇಲೆ."

ಅವಳು ಲೆನ್ಸನ್ನು ಅವನ ಕೈಯಿಂದ ತೆಗೆದು ಮತ್ತೆ ಉಪ್ಪಿನ ಡಬ್ಬದ ಹಿಂದೆ ಇಟ್ಟಳು. ಆವತ್ತಿನಿಂದ ಅವಳಿಗೂ ಅದೇ ಭಯ. ಸುಳ್ಳಿಗೆ ಕಾಲಿಲ್ಲ, ಎಂದಾದರೂ ಮುಗ್ಗರಿಸುತ್ತದೆ. ಬೀಳುವಾಗ ಮಾವನ ಮೇಲೆ ಬೀಳದಿದ್ದರೆ ಸಾಕು ಅನ್ನಿಸುತ್ತಿತ್ತು.

ಅದೇ ರಾತ್ರಿಯ ಊಟಕ್ಕೆ ಅಜ್ಜ ಉತ್ಸಾಹದಲ್ಲಿ ಮಾತಿಗೆ ಶುರುಮಾಡಿದ. "ಇವತ್ತಿನ ಗಾಜು ಎಷ್ಟು ಚೆನ್ನಾಗಿ ಕೂತುಕೊಂಡ್ತು ಅಂತೀಯಾ."

ಮಗ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. "ಅಪ್ಪ, ನಿಮಗೊಂದು ಮಾತು ಹೇಳಬೇಕು."

ಸೊಸೆಯ ಕೈಯಿಂದ ಸೌಟು ಪಾತ್ರೆಗೆ ಜಾರಿತು. ಚೂಟಿ ಅಪ್ಪನ ಕಾಲನ್ನು ಮೇಜಿನಡಿ ಒದ್ದಳು.

ಅಜ್ಜ ತಲೆಯೆತ್ತಿ ಮಗನ ಕಿವಿಯ ಕಡೆ ನೋಡಿದ. "ಊಟ ಆಗಲಿ ಮಗ. ಅನ್ನದ ಮುಂದೆ ಒಂದ್ಸಲ ಕೇಳಿದ್ದೇ ನನಗಿನ್ನೂ ಅರಗಿಲ್ಲ."

ಮಗ ತಲೆ ತಗ್ಗಿಸಿದ. ಊಟ ಆದ ಮೇಲೆ ಹೇಳಲೂ ಇಲ್ಲ, ಅಜ್ಜ ಕೇಳಲೂ ಇಲ್ಲ.

ಏಳನೆಯ ವಾರದ ಒಂದು ಮಧ್ಯಾಹ್ನ ಮುಂದಿನ ಕೋಣೆಯಿಂದ ಕರೆ ಬಂತು. "ಅಮ್ಮಾ, ಒಂಚೂರು ಬಾ ಇಲ್ಲಿ."

ಸೊಸೆ ಒದ್ದೆ ಕೈಯಲ್ಲೇ ಹೋದಳು. ಅಜ್ಜ ಲೆನ್ಸನ್ನು ಹಳದಿ ಬಟ್ಟೆಯ ನಡುವೆ ಇಟ್ಟು ದೂರ ಸರಿದು ಕೂತಿದ್ದ.

"ಕೀಲಿ ಜಾರಿತು. ಗಾಜಿಗೆ ಬಿತ್ತು. ನೋಡು, ಎಷ್ಟುದ್ದ ಇದೆ?"

ಅಂಚಿನಿಂದ ನಡುವಿನವರೆಗೆ ಆಳವಾದ ಒಂದು ಗಾಯ. "ಸಣ್ಣದು ಮಾವ. ಪರವಾಗಿಲ್ಲ."

"ಪರವಾಗಿಲ್ಲ ಅನ್ನಬೇಡ. ಬೆರಳಿಗೆ ತಗಲ್ತಿದೆ ನನಗೆ. ಇವತ್ತಿನದು ಯಾರದು ಅಂದೆ?"

"ನರ್ಸಮ್ಮನದು. ಮತ್ತೆ ತಂದಿದ್ರು."

"ಅವಳಿಗೆ ಇದ್ದದ್ದು ಇದ್ದ ಹಾಗೆ ಹೇಳು. ಮುದುಕನ ಕೈ ಜಾರಿತು, ತಪ್ಪು ಅವನದೇ ಅಂತ. ಬಲಗಡೆ ಕಪಾಟಿಂದ ಒಳ್ಳೇದೊಂದು ತೆಗೆದು ಕೊಟ್ಟುಬಿಡು. ದುಡ್ಡು ಕೇಳಬೇಡ."

"ಹ್ಞೂಂ ಮಾವ."

ಅಜ್ಜ ಸೂಜಿ ಕೇಳಿದ. ಸೊಸೆ ಕೊಟ್ಟು ಒಳಗೆ ಬಂದು, ನಲ್ಲಿಯನ್ನು ಜೋರಾಗಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಹಿಂದಿರುಗಿ ಹೋಗುವಷ್ಟರಲ್ಲಿ ಅವನು ಬಳೆ ಕೂರಿಸಿ ಮುಗಿಸಿದ್ದ. ಕೀಲಿ, ಸೂಜಿ, ರಬ್ಬರ್ ಬುಗ್ಗೆ ಎಲ್ಲವೂ ತಗಡಿನ ಪೆಟ್ಟಿಗೆ ಸೇರಿದ್ದವು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಲಿಟ್ಟು ಮುಚ್ಚಳ ಒತ್ತಿದ.

"ನಾಳೆಯಿಂದ ಯಾರ ಹತ್ತಿರಾನೂ ತಗೋಬೇಡಮ್ಮ. ಕಣ್ಣು ಹೋದ ಮೇಲೆ ಕೈ ಇತ್ತು. ಈಗ ಕೈಯೂ ಸಾಕು ಅಂತಿದೆ."

ಮರುದಿನ ಬೆಳಿಗ್ಗೆ ಅವನು ಮೇಜಿನ ಮುಂದೆ ಕೂರಲಿಲ್ಲ. ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಬೀದಿಯ ಸದ್ದಿಗೆ ಮುಖ ಮಾಡಿ ಕೂತ. ಊಟವನ್ನು ಮಾತ್ರ ಬಿಡಲಿಲ್ಲ. ಬಡಿಸಿದಷ್ಟನ್ನು ಹೇಳಿದ ಮಾತು ಕೇಳುವ ಮಗುವಿನಂತೆ ತಿಂದು ಮುಗಿಸುತ್ತಿದ್ದ. ಅದನ್ನು ನೋಡುವುದು ಸೊಸೆಗೆ ಇನ್ನೂ ಕಷ್ಟವಾಯಿತು.

ಆ ಭಾನುವಾರ ಮಗನಿಗೆ ಮದುವೆ ಇರಲಿಲ್ಲ. ನಾಲ್ವರೂ ಒಟ್ಟಿಗೆ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಚೂಟಿ ಗಾಯದ ಲೆನ್ಸನ್ನು ಮೇಜಿನ ಮೇಲಿಟ್ಟಳು.

"ಅಜ್ಜ, ನರ್ಸಮ್ಮ ಇದನ್ನ ಇಲ್ಲೇ ಬಿಟ್ಟು ಹೋದ್ರಂತೆ. ನಾನು ಇಟ್ಕೊಳ್ಲಾ?"

"ಹೊಟ್ಟೆಗೋ, ಹುಚ್ಚಿಗೋ?"

"ಹುಚ್ಚಿಗೆ."

"ಹಾಗಾದ್ರೆ ತಗೋ. ನಿನಗೆ ಅಂತಲೇ ಇಟ್ಟದ್ದು. ಬೆಳಕಿನ ಎದುರು ಹಿಡೀಬೇಡ, ಫೋಟೋದಲ್ಲಿ ಗಾಯ ಕಾಣುತ್ತೆ."

ಚೂಟಿ ಮುಂದಿನ ಬಳೆಯನ್ನು ತಿರುಗಿಸಿ ನೋಡಿದಳು. "ಅಪ್ಪ, ಇದು ಓರೆ ಕೂತಿದೆ. ಅಲ್ಲಾಡ್ತಿದೆ."

ಮಗ ಕೈ ತೊಳೆದು ಬಂದು ತಗಡಿನ ಪೆಟ್ಟಿಗೆ ತೆರೆದ. ಅಪ್ಪನ ಕೀಲಿಯನ್ನು ಎರಡು ತೂತಿಗೆ ಕೂರಿಸಿ ಮೆಲ್ಲಗೆ ತಿರುಗಿಸಿದ. ಬಳೆ ಕಳಚಿ ಅಂಗೈಗೆ ಬಂತು. ಕಿಟಕಿಯ ಬೆಳಕಿಗೆ ಅದನ್ನು ಹಿಡಿದವನು ಹಾಗೇ ನಿಂತುಬಿಟ್ಟ. ಆಮೇಲೆ ಹೆಂಡತಿಯ ಕೈಗೆ ಕೊಟ್ಟ.

ಬಳೆಯ ಒಳಮೈಯಲ್ಲಿ ಗೀರುಗಳಿದ್ದವು. ಒಂದಲ್ಲ, ಎರಡಲ್ಲ, ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ, ಸುತ್ತು ಮುಗಿಯುವಷ್ಟು. ದಿನಕ್ಕೊಂದು. ಒಂದರಿಂದ ಇನ್ನೊಂದಕ್ಕೆ ಉಗುರಿನ ಮೊನೆಯಷ್ಟೇ ಅಂತರ, ಎಲ್ಲೂ ಒಂದರ ಮೇಲೊಂದು ಬಿದ್ದಿರಲಿಲ್ಲ. ಕೊನೆಯದು ಮಾತ್ರ ಉಳಿದವಕ್ಕಿಂತ ಉದ್ದ.

ಸೊಸೆ ಪಟ್ಟಿ ಬದಲಾಯಿಸಿದ್ದಳು, ಮುಚ್ಚಳ ಬದಲಾಯಿಸಿದ್ದಳು, ರಬ್ಬರ್ ಬದಲಾಯಿಸಿದ್ದಳು. ಒಳಗಿನ ಗೀರು ಅವಳ ನೆನಪಿಗೇ ಬಂದಿರಲಿಲ್ಲ. ಎರಡನೆಯದನ್ನು ಎಳೆಯುವಾಗ ಮೊದಲನೆಯದು ಮಾವನ ಉಗುರಿಗೆ ತಗಲಿರಲೇಬೇಕು. ನರ್ಸಮ್ಮ ಬಂದ ದಿನ ಅದು. ಒಳ್ಳೆ ಹೆಂಗಸು ಇರಬೇಕು ಅಂದ ದಿನ. ಅಂದಿನಿಂದ ಇವತ್ತಿನವರೆಗೂ ತಾನು ಹೇಳಿದ ಒಬ್ಬೊಬ್ಬರನ್ನೂ ಅವನು ಕೂತು ಕೇಳಿದ್ದ, ಅವರಿಗೆ ಯಾವ ಗಾಜು ಒಪ್ಪುತ್ತದೆ ಅಂತ ಬುದ್ಧಿ ಹೇಳಿದ್ದ, ಅವರ ಕೂಲಿ ಬೇಡ ಅಂದಿದ್ದ.

ಯಾರೂ ಉಣ್ಣುತ್ತಿರಲಿಲ್ಲ. ಅಜ್ಜ ಒಬ್ಬನೇ ತಟ್ಟೆಯ ಅಂಚಿನ ಅನ್ನವನ್ನು ಬೆರಳಿನಿಂದ ಕೂಡಿಸುತ್ತಿದ್ದ.

"ಏನು, ಸದ್ದೇ ಇಲ್ಲ? ಬಿಚ್ಚಿದ್ಯಾ ಮಗ?"

"ಬಿಚ್ಚಿದೆ ಅಪ್ಪ."

"ಹಾಗಾದ್ರೆ ನಿನ್ನ ಗೀರೂ ಹಾಕು. ಬಿಚ್ಚಿದವರು ಹಾಕಬೇಕು."

ಮಗ ಪೆಟ್ಟಿಗೆಯಿಂದ ಸೂಜಿ ತೆಗೆದ. ಬಳೆಯಲ್ಲಿ ಇನ್ನು ಒಂದು ಗೀರಿಗಷ್ಟೇ ಜಾಗವಿತ್ತು. ಅಪ್ಪನ ಉದ್ದನೆಯ ಗೀರಿನ ಪಕ್ಕ ಎಳೆದ. ಎರಡು ಕಣ್ಣೂ ಸರಿಯಿದ್ದವನ ಕೈಯಲ್ಲಿ ಅದು ಸೊಟ್ಟಗಾಯಿತು. ಬಳೆ ಕೂರಿಸಿ, ಬಿಗಿ ಮಾಡಿ, ಮಗಳ ಕೈಗೆ ಕೊಟ್ಟು, ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತ. ಅಪ್ಪನ ಲೋಟಕ್ಕೆ ನೀರು ಹೊಯ್ದು, ಲೋಟವನ್ನು ಅವನ ಬೆರಳಿಗೆ ತಾಗುವಂತೆ ಸರಿಸಿದ.

ಅಜ್ಜ ನೀರು ಕುಡಿದು ಲೋಟ ಇಟ್ಟ. ಸೊಸೆ ತಟ್ಟೆ ಎತ್ತಲು ಬಗ್ಗಿದಾಗ ಅವಳ ಕಿವಿಯ ಕಡೆ ಮುಖ ಮಾಡಿದ.

"ನರ್ಸಮ್ಮನಿಗೆ ಹೇಳಿಬಿಡಮ್ಮ, 'ಇನ್ನು ಬರೋದು ಬೇಡ' ಅಂತ. ಪಾಪ, ದಿನಾ ಅಷ್ಟು ದೂರದಿಂದ ಬರ್ತಿದ್ಲು."

"ಹೇಳ್ತೀನಿ ಮಾವ" ಅಂದಳು ಸೊಸೆ. ನಾಲ್ಕು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಒಳಗೆ ನಡೆದಳು.